ಅಕ್ಕನ ಕಾಲ್ಗುಣ, ಭಾವನ ಕಸಬರಿಗೆ

ನಾನು ಸಿಂಹಳಕ್ಕೆ ಹೋಗಿ ಬಂದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹುಕ್ಕೇರಿಯ ನಮ್ಮ ಬೀಗರು ಬಂದು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು. "ಏನ್ರಿ, ರಾವಣನ ಅರಮನಿ ನೋಡಿದ್ರೇನು? ಖರೇನ ಬಂಗಾರದ್ದ ಐತೇನು?" ನೋಡಲಿಲ್ಲ ಎಂದೆ. ಅಶೋಕವನ? ಅದೂ ಇಲ್ಲ. ಸಮುದ್ರದಲ್ಲಿ ಮುಳುಗಿ ಮುತ್ತು ತೆಗೆಯುವವರನ್ನು? ಇಲ್ಲ ಮಾರಾಯರೇ, ಇಲ್ಲ. "ಮತ್ತ ಅಷ್ಟ ದೂರ ಹೋಗಿ ನೋಡಿದ್ದರ ಏನು?" ಎಂದರು. "ಕಸ ನೋಡಿ ಬಂದೇನ್ರಿ" ಎಂದೆ. ಚೇಷ್ಟೆ ಮಾಡುತ್ತಿದ್ದೇನೆಂದು ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಚೇಷ್ಟೆಯಲ್ಲ. ನಾನು ಸಮುದ್ರ ದಾಟಿ ನೋಡಿ ಬಂದದ್ದು ಕಸವನ್ನೇ. ಆ ಕಸಕ್ಕಾಗಿ ನನ್ನ ಅಕ್ಕನ ಬಾಳು ಹಾಳಾಗುವುದರಲ್ಲಿತ್ತು.

ಮೂಡಲಗಿ

ನಮ್ಮೂರು ಮೂಡಲಗಿ; ಅಕ್ಕ ಗಂಗವ್ವನನ್ನು ಮಮದಾಪುರಕ್ಕೆ ಕೊಟ್ಟಿದ್ದೆವು. ಗಂಡ ಈರಪ್ಪ ಒಕ್ಕಲುತನದ ಮನೆಯವನು, ಆದರೆ ಕಬ್ಬಿಣದ ಕೆಲಸ ಕಲಿತು ಗೋಕಾಕದ ಕಡೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ. ಅಲ್ಲಿದ್ದ ಒಬ್ಬ ಬಿಳಿಯ ಎಂಜಿನಿಯರು ಸಿಂಹಳದ ಚಹಾ ಕಾರ್ಖಾನೆಗೆ ಹೋಗುವಾಗ ಇವನ ಕೈಚಳಕಕ್ಕೆ ಮೆಚ್ಚಿ ಜೊತೆಗೆ ಕರೆದುಕೊಂಡು ಹೋದ. ಕೆಲವು ವರ್ಷ ದುಡಿದ ಮೇಲೆ ಈರಪ್ಪ ಅಲ್ಲಿಯೇ ಗುಡ್ಡದ ಮೈಯಲ್ಲಿ ಸಣ್ಣದೊಂದು ಚಹಾ ತೋಟ ಹಿಡಿದು, ಅಕ್ಕನನ್ನು ಕರೆಸಿಕೊಂಡ. ಊರಿನಲ್ಲಿ ನಮ್ಮ ಅವ್ವನ ಕಾಲು ನೆಲಕ್ಕೆ ನಿಲ್ಲಲಿಲ್ಲ. ಚಹಾ ಎಂದರೆ ಜ್ವರ ಬಂದಾಗ ಕುಡಿಯುವ ಕಷಾಯ ಎಂದು ತಿಳಿದಿದ್ದವಳು ಬಂದವರಿಗೆಲ್ಲ "ನಮ್ಮ ಗಂಗೀದು ಚಾದ ತ್ವಾಟ ಐತ್ರಿ" ಎಂದು ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು.

ಅಕ್ಕ ಹೋದ ನಾಲ್ಕನೆಯ ವರ್ಷ ಈರಪ್ಪನದೊಂದು ಕಾರ್ಡು ಬಂತು. ಗಂಗಿಯ ಕಾಲ್ಗುಣ ಸರಿಯಿಲ್ಲ, ಅವಳು ಬಂದ ಮೇಲೆ ತೋಟ ಒಣಗುತ್ತಿದೆ, ಯಾರಾದರೂ ಬಂದು ಕರೆದುಕೊಂಡು ಹೋಗಬೇಕು. ಇಷ್ಟೇ.

ಕಾಲ್ಗುಣವಂತೆ! ಅವಳು ನಮ್ಮ ಮನೆಯಲ್ಲಿದ್ದಾಗ ಯಾವ ಹೊಲ ಒಣಗಿತ್ತು? ಲಿಂಗ ಕಟ್ಟಿಕೊಂಡವರು ನಾವು. ಹೆಣ್ಣಿನ ಕೊರಳಲ್ಲೂ ಲಿಂಗ, ಗಂಡಿನ ಕೊರಳಲ್ಲೂ ಲಿಂಗ. ಸೂತಕ ಮೈಲಿಗೆಗಳನ್ನು ನಮ್ಮ ಹಿರಿಯರು ಎಂದೋ ಹೊಸ್ತಿಲಾಚೆ ಒಗೆದಿದ್ದಾರೆ. ಅಂಥ ಮನೆಯ ಗಂಡಸು ಹೆಂಡತಿಯ ಪಾದ ನೋಡಿ ಬೆಳೆ ಲೆಕ್ಕ ಹಾಕುತ್ತಾನೆಂದರೆ ಅವನಿಗೆ ಏನೆನ್ನಬೇಕು? ಹೀಗೆ ಹೆಸರು ಹಚ್ಚಿಕೊಂಡು ತಿರುಗಿ ಬಂದ ಹೆಣ್ಣನ್ನು ಊರು ಹೇಗೆ ನೋಡುತ್ತದೆಂದು ಎಲ್ಲರಿಗೂ ಗೊತ್ತು. ಮದುವೆ ಮನೆಗೆ ಕರೆಯುವುದಿಲ್ಲ, ಬಿತ್ತನೆಯ ದಿನ ಎದುರಿಗೆ ಬರಬೇಡ ಎನ್ನುತ್ತಾರೆ.

ಅವ್ವ ಕಣ್ಣೊರೆಸಿಕೊಳ್ಳುತ್ತಲೇ ಕಡಕ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ ಗಂಟು ಕಟ್ಟಿದಳು. "ಹೋಗಿ ನಿಮ್ಮಕ್ಕನ್ನ ಕರಕೊಂಡ ಬಾರಪಾ ಮಲ್ಲಪ್ಪ. ಬೈಬ್ಯಾಡ, ಹೊಡದಾಡಬ್ಯಾಡ. ಸಮಾಧಾನದ್ಲೆ ಮಾತಾಡು" ಎಂದಳು. ಸಮಾಧಾನವಂತೆ! ಗೋಕಾಕ ರೋಡ ಸ್ಟೇಶನ್ನಿಗೆ ಹೋಗುವ ಗಾಡಿಯಲ್ಲಿ ಕುಳಿತಾಗಿನಿಂದಲೇ ನಾನು ಈರಪ್ಪನಿಗೆ ಬೈಯಬೇಕಾದ ಬೈಗಳನ್ನು ಹೊಂದಿಸತೊಡಗಿದ್ದೆ.

ಸಮುದ್ರದ ಈಚೆಯ ದಂಡೆ

ರೈಲು ಬದಲಿಸಿ, ಮತ್ತೆ ಬದಲಿಸಿ, ದಕ್ಷಿಣದ ತುದಿ ಮುಟ್ಟುವ ಹೊತ್ತಿಗೆ ಅನ್ನ ಉಂಡು ಉಂಡು ನನ್ನ ಹೊಟ್ಟೆ ಮುನಿಸಿಕೊಂಡಿತ್ತು. ಅಲ್ಲಿ ಹಡಗು ಹತ್ತಿಸುವ ಮೊದಲು ಮೂರನೆಯ ಕ್ಲಾಸಿನವರನ್ನೆಲ್ಲ ಒಂದು ಬೇಲಿಯೊಳಗೆ ಕೂಡಿಹಾಕಿ ರೋಗರುಜಿನ ಇದೆಯೋ ಎಂದು ನೋಡುತ್ತಾರೆ. ಮೊದಲನೆಯ ಕ್ಲಾಸಿನ ಸಾಹೇಬರು ಚಿರೂಟು ಸೇದುತ್ತ ನೆಟ್ಟಗೆ ಹಡಗಿಗೆ ಹೋಗುತ್ತಾರೆ. ರೋಗಕ್ಕೂ ಟಿಕೀಟು ಓದಲಿಕ್ಕೆ ಬರುತ್ತದೆಂದು ನನಗೆ ಅಂದೇ ತಿಳಿದದ್ದು.

ನಮ್ಮ ಬಟ್ಟೆಗಳನ್ನು ಕುದಿಯುವ ಹಬೆಯಲ್ಲಿ ಹಾಕಿ ತೆಗೆದರು. ನನ್ನ ಜರಿಯ ರುಮಾಲು ಒಳಗೆ ಹೋಗುವಾಗ ರುಮಾಲಾಗಿತ್ತು, ಹೊರಗೆ ಬರುವಾಗ ಹಿಂಡಿದ ಒರಸು ಬಟ್ಟೆಯಾಗಿತ್ತು. ಅಷ್ಟಾದ ಮೇಲೆ ಒಬ್ಬ ಜವಾನ ನನ್ನ ಕೊರಳಿನ ಬೆಳ್ಳಿಯ ಕರಡಿಗೆಗೆ ಕೈ ಹಾಕಲು ಬಂದ. ಅದರಲ್ಲಿ ಅಫೀಮು ಇದೆಯೇ ಎಂದು ಅವನ ಸಂಶಯ. "ಕೈ ಹಚ್ಚಿದ್ರ ನೋಡು, ಕೈ ಮುರದ ಸಮುದ್ರಕ್ಕ ಒಗೀತೇನಿ" ಎಂದು ಚೀರಿದೆ. ಅವನಿಗೆ ಕನ್ನಡ ಬರದಿದ್ದರೂ ಅರ್ಥ ಸರಿಯಾಗಿಯೇ ಆಯಿತು. ಕೊನೆಗೆ ನಾನೇ ಕರಡಿಗೆ ತೆರೆದು, ಲಿಂಗ ತೋರಿಸಿ, ಹಣೆಗೆ ಮುಟ್ಟಿಸಿಕೊಂಡೆ. ಅವನೂ ಕೈಮುಗಿದು ಹಿಂದೆ ಸರಿದ.

ಬೇಲಿಯೊಳಗೆ ನನ್ನ ಬಾಜೂಕ್ಕೆ ಚಹಾ ತೋಟದ ಕೂಲಿಗೆ ಹೊರಟ ತಮಿಳು ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ಕುಡಿಯಲು ನೀರು ಕೊಟ್ಟಳೆಂದು ನಾನು ಅವಳಿಗೊಂದು ಕಡಕ ರೊಟ್ಟಿ ಕೊಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅದರ ಮೇಲೆ ಅನ್ನ ಬಡಿಸಿಕೊಂಡು ಉಂಡಳು. ಆಮೇಲೆ ನನಗೆ ತಿರುಗಿ ಕೊಡಬೇಕೆಂದು ತೊಳೆಯಲು ಹೋದಳು. ತಟ್ಟೆ ಎಂದು ತಿಳಿದಿದ್ದದ್ದು ಕೈಯಲ್ಲಿ ಮೆತ್ತಗಾಗಿ ಹರಿದಾಗ, ಒಡೆದು ಹಾಕಿದೆನಲ್ಲಾ ಎಂದು ಗಾಬರಿಯಿಂದ ನನ್ನ ಮುಖ ನೋಡಿದಳು. ಅಷ್ಟು ಸಿಟ್ಟಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಇನ್ನೊಂದು ರೊಟ್ಟಿ ತೆಗೆದು ಮುರಿದು ತಿಂದು ತೋರಿಸಿದೆ. ಅವಳೂ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು.

ಹಡಗಿನ ವಿಷಯ ಬರೆಯುವುದಿಲ್ಲ. ಹೊಟ್ಟೆಯಲ್ಲಿದ್ದದ್ದೆಲ್ಲ ಸಮುದ್ರಕ್ಕೆ ಕೊಟ್ಟೆ, ಬೈಗಳನ್ನಷ್ಟೇ ಉಳಿಸಿಕೊಂಡೆ.

ದೊಡ್ಡ ತೋಟದ ಗುಂಡಿ

ಆಚೆಯ ದಂಡೆಯಿಂದ ಮತ್ತೆ ರೈಲು. ಅದು ಉಸಿರುಗಟ್ಟಿ ಗುಡ್ಡ ಹತ್ತುತ್ತದೆ. ಕಿಟಕಿಯಾಚೆ ಕಣ್ಣು ಹಾಯುವವರೆಗೆ ಚಹಾ ಗಿಡ, ಸೊಂಟದೆತ್ತರಕ್ಕೆ ಸಮನಾಗಿ ಕತ್ತರಿಸಿದ್ದು. ಎರಡು ತಾಸು ನೋಡಿದ ಮೇಲೆ ಜೋಳದ ಹೊಲವೊಂದು ಕಂಡರೆ ಸಾಕೆನಿಸಿತು. ನಮ್ಮ ಮೂಡಲಗಿಯ ಎರೆ ಹೊಲ ಬೇಸಿಗೆಯಲ್ಲಿ ಬಾಯಿಬಿಟ್ಟು ಮಲಗಿದ್ದರೂ ಅದಕ್ಕೊಂದು ಅಗಲವಿದೆ. ಇಲ್ಲಿ ನೆಲವೆಲ್ಲ ಇಳಿಜಾರು, ಒಂದು ಚೆಂಬು ಇಟ್ಟರೆ ಉರುಳಿ ಹೋಗುತ್ತದೆ.

ಸಣ್ಣ ಸ್ಟೇಶನ್ನಿನಲ್ಲಿ ಇಳಿದು, ಈರಪ್ಪನ ತೋಟಕ್ಕೆ ಹೋಗಲು ಬಿಳಿಯ ದೊರೆಯೊಬ್ಬನ ದೊಡ್ಡ ತೋಟ ದಾಟಬೇಕಾಯಿತು. ಮಂಜು ಮುಸುಕಿತ್ತು. ಸುತ್ತು ದಾರಿ ಯಾಕೆಂದು ಗಿಡದ ಸಾಲುಗಳ ನಡುವೆ ಇಳಿದೆ. ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ನೆಲವೇ ಇಲ್ಲ! ಸೊಂಟದವರೆಗೆ ಗುಂಡಿಯೊಳಗೆ ಹೋದೆ. ಕೆಳಗೆ ಮೆತ್ತಗೆ, ಬೆಚ್ಚಗೆ, ಕೊಳೆತ ಎಲೆ. ರೊಟ್ಟಿಯ ಗಂಟು ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ. ನಮ್ಮೂರಿನ ಹೆಂಗಸರ ಮುಂದೆ ಆಡಬಾರದ ಮಾತುಗಳನ್ನೆಲ್ಲ ಆಡಿದೆ.

ಎಲೆ ಕೀಳುತ್ತಿದ್ದ ಹೆಂಗಸರು ಓಡಿ ಬಂದರು. ಅವರ ಹಿಂದೆ ತಲೆಗೆ ಕಂಬಳಿ ಹೊದ್ದ ಮುದುಕ, ಆಳುಗಳ ಮೇಲಿನ ಕಂಗಾಣಿ. ನನ್ನ ಬೈಗಳು ಕೇಳಿ ಅವನ ಮುಖ ಅರಳಿತು. ಅವನದು ಹೊಸೂರಿನ ಕಡೆಯ ಊರು, ಮನೆಮಾತು ಕನ್ನಡ.

"ನೋಡ್ಕೊಂಡು ನಡೀಬಾರ್ದಾ ಸ್ವಾಮಿ?" ಎಂದು ಕೈ ಕೊಟ್ಟು ಎಳೆದ.

"ಇದೇನ್ರಿ ಇದು? ಮಂದೀನ ಹೂಳಾಕ ತೋಡೀರೇನು?"

"ಮಂದಿಗಲ್ಲ, ಸೊಪ್ಪಿಗೆ. ಕೆಲವು ವರ್ಷಕ್ಕೊಂದ್ಸಲ ಗಿಡಗಳ ತಲೆ ಕಡಿದು ಬೋಳು ಮಾಡ್ತೀವಿ. ಕವಾತು ಅಂತೀವಿ ಅದಕ್ಕೆ. ಕಡಿದ ರೆಂಬೆ, ಎಲೆ ಎಲ್ಲಾ ಸಾಲಿನ ಮಧ್ಯ ಗುಂಡಿ ತೋಡಿ ಹೂಳ್ಬೇಕು. ದೊರೆ ಆರ್ಡರು. ಒಂದು ಕಡ್ಡಿ ಮನೆಗೊಯ್ದ್ರೆ ಕೆಲಸದಿಂದ ತೆಗೀತಾನೆ. ಈ ಚಳೀಲಿ ನಮ್ಮ ಒಲೆಗೆ ಸೌದೆ ಇಲ್ಲ, ಮಣ್ಣಿಗೆ ಮಾತ್ರ ಊಟ!"

"ಹೂಳಿದ್ರ ಏನಾಗತೈತಿ?"

"ಯಾರಿಗೊತ್ತು? ದೊರೆ ತೋಡು ಅಂತಾನೆ, ತೋಡ್ತೀವಿ" ಎಂದು ಉಗುಳಿದ.

ನಾನು ಧೋತರಕ್ಕೆ ಅಂಟಿದ್ದನ್ನು ಕೆರೆದು ತೆಗೆಯುತ್ತಿದ್ದೆ. ಸುತ್ತಲಿನ ಮಣ್ಣೆಲ್ಲ ಕೆಂಪು, ಇದು ಮಾತ್ರ ಕಪ್ಪು. ಬೆರಳಲ್ಲಿ ಹಿಚುಕಿದರೆ ಉದುರುತ್ತದೆ, ಹಿಂಡಿದರೆ ತೇವ. ಮೂಗಿಗೆ ಹಿಡಿದೆ. ಸಗಣಿಯ ನಾತವೊಂದನ್ನು ಬಿಟ್ಟರೆ ನಮ್ಮ ತಿಪ್ಪೆಯ ತಳದ ಗೊಬ್ಬರದ ವಾಸನೆಯೇ. ಒಕ್ಕಲಿಗನ ಮೂಗಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದೊರೆಯ ಮೇಲೂ ಸಿಟ್ಟು ಬಂತು. ಎಲೆ ಮಣ್ಣಿಗೆ ಬೇಕು, ಒಪ್ಪಿದೆ. ದಪ್ಪ ಕಟ್ಟಿಗೆಯನ್ನಾದರೂ ಆ ಹೆಂಗಸರ ಒಲೆಗೆ ಬಿಟ್ಟರೆ ಅವನ ಗಂಟೇನು ಹೋಗುತ್ತದೆ?

ಹೊರಡುವಾಗ ಈರಪ್ಪನ ಮನೆ ಯಾವ ಕಡೆ ಎಂದು ಕೇಳಿದೆ. "ಫಿಟ್ಟರ್ ಈರಪ್ಪನಾ? ತೋಟ ಗುಡಿಸೋ ಈರಪ್ಪ?" ಎಂದ ಕಂಗಾಣಿ. ಹೆಂಗಸರೆಲ್ಲ ಒಟ್ಟಿಗೆ ನಕ್ಕರು.

ಗುಡಿಸಿದ ತೋಟ

ಮೊದಲು ಕಂಡಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೆಮ್ಮೆಯೇ ಆಯಿತು. ಈರಪ್ಪನ ತೋಟ ಸಾರಿಸಿದ ಅಂಗಳದ ಹಾಗಿತ್ತು. ಗಿಡದ ಬುಡದಲ್ಲಿ ಒಂದು ಎಲೆಯಿಲ್ಲ, ಒಂದು ಕಡ್ಡಿಯಿಲ್ಲ. ನಮ್ಮ ಸೀಮೆಯ ಹೊಲ ನೋಡಿದಂತಾಯಿತು. ಬಿತ್ತುವ ಮೊದಲು ಜೋಳದ ಕೂಳೆಯನ್ನು ಒಂದೊಂದಾಗಿ ಆರಿಸಿ, ಹೊಲ ಹಸನು ಮಾಡದವನಿಗೆ ನಮ್ಮಲ್ಲಿ ಹೆಣ್ಣು ಕೊಡಲಿಕ್ಕೂ ಹಿಂದೆ ಮುಂದೆ ನೋಡುತ್ತಾರೆ. ಆಮೇಲೆ ಗಿಡಗಳನ್ನು ನೋಡಿದೆ. ಎಲೆ ಹಳದಿ, ಚಿಗುರು ಮುರುಟಿದ್ದು, ಬೇರು ಬಯಲಿಗೆ ಬಿದ್ದು ಹಲ್ಲು ಕಿರಿಯುತ್ತಿದ್ದವು.

ಈರಪ್ಪ ಬಾಗಿಲಲ್ಲೇ ನಿಂತಿದ್ದ. ನಮ್ಮಲ್ಲಿ ಅಕ್ಕನ ಗಂಡನಿಗೆ ಮಾಮಾ ಎನ್ನುತ್ತೇವೆ. ಸಾವಿರ ಸಿಟ್ಟಿದ್ದರೂ ಆ ಮಾತು ತಪ್ಪಿಸಲಾಗುವುದಿಲ್ಲ.

"ಆರಾಮ ಅದೀರಿ, ಮಾಮಾ?"

"ಎಲ್ಲೀ ಆರಾಮ? ನೋಡಿದೆಲ್ಲಾ ತ್ವಾಟಾನ. ಕವಾತು ಮಾಡಿದ ಮ್ಯಾಗ ಗಿಡ ಏಳವಲ್ವು. ಮಗನ್ಹಂಗ ಜ್ವಾಕಿ ಮಾಡೇನಿ, ದಿನಾ ಗುಡಸ್ತೇನಿ, ಒಂದ ಕಸ ಬಿಟ್ಟಿಲ್ಲ. ಕಡದಿದ್ದೆಲ್ಲಾ ಕೆಳಗ ಒಯ್ದು ಸುಟ್ಟೇನಿ. ಪ್ಯಾಟ್ಯಾಗ ಕಣಿ ಹೇಳಾವನ್ನ ಕೇಳಿದ್ನಿ. ಮನೀ ಹೆಣ್ಣಿನ ಕಾಲ್ಗುಣ ಅಂದ. ಆವತ್ತಿಂದ ನಿಮ್ಮಕ್ಕಗ ತ್ವಾಟದಾಗ ಕಾಲ ಇಡಗೊಟ್ಟಿಲ್ಲ. ಆದ್ರೂ ಸುಧಾರಿಸವಲ್ದು. ಮನ್ಯಾಗಿಂದನ ಹೋಗಬೇಕಂತ ಕಾಣತೈತಿ."

ದಾರಿಯುದ್ದಕ್ಕೂ ಹೊಂದಿಸಿಟ್ಟಿದ್ದ ಬೈಗಳೆಲ್ಲ ಒಟ್ಟಿಗೇ ಬಾಯಿಗೆ ಬಂದು ಒಂದೂ ಹೊರಗೆ ಬೀಳಲಿಲ್ಲ. ಅಷ್ಟರಲ್ಲಿ ಅಕ್ಕ ಹಿತ್ತಲ ಕಡೆಯಿಂದ ಸುತ್ತಿ ಬಂದಳು. ತೋಟದ ಅಂಚಿನಲ್ಲಿ ಕಲ್ಲು ಸಾಲಾಗಿ ಇಟ್ಟಿದ್ದರು, ಅದನ್ನು ಮುಟ್ಟದಂತೆ ಸೀರೆ ಎತ್ತಿ ಹಿಡಿದು ನಡೆದಳು. ಬಡಕಲಾಗಿದ್ದಳು. "ಬಂದ್ಯಾ ತಮ್ಮಾ" ಎಂದು ಹಾಲಿಲ್ಲದ ಚಹಾ ತಂದುಕೊಟ್ಟಳು. ಕಹಿ ಎಂದರೆ ಕಹಿ. ಚಹಾದ ದೇಶದಲ್ಲಿ ಚಹಾ ಕುಡಿಯಲು ಬರುವುದಿಲ್ಲವಲ್ಲ ಎಂದು ಅದರ ಮೇಲೂ ಹರಿಹಾಯ್ದೆ. ಅಕ್ಕ, "ಹಾಲಿಗೆ ಆಕಳ ಬೇಕಪಾ. ಇಲ್ಲಿ ಯಾರ ಮನ್ಯಾಗೂ ದನಾ ಇಲ್ಲ" ಎಂದಳು.

ಬಚ್ಚಲ ಹಿಂದೆ

ಮರುದಿನ ಬೆಳಿಗ್ಗೆ ಅಕ್ಕ ನನ್ನನ್ನು ಬಚ್ಚಲ ಹಿಂದೆ ಕರೆದುಕೊಂಡು ಹೋದಳು. ಅಲ್ಲಿ ಕಲ್ಲಿನ ಸಾಲಿನ ಹೊರಗೆ ಗಿಡದ ಮೂರು ಸಾಲುಗಳಿದ್ದವು. ಹೆಂಗಸರು ಮೈ ತೊಳೆಯುವ ಕಡೆ ಗಂಡಸು ಕಸಬರಿಗೆ ಹಿಡಿದು ತಿರುಗಬಾರದೆಂದು ಈರಪ್ಪ ಆ ಕಡೆ ಸುಳಿಯುತ್ತಿರಲಿಲ್ಲ. ಅಲ್ಲಿಯೂ ಕವಾತು ಆಗಿತ್ತು. ದಪ್ಪ ಕಟ್ಟಿಗೆಯನ್ನು ಅಕ್ಕ ಒಲೆಗೆ ಹಾಕಿಕೊಂಡಿದ್ದಳು, ಎಲೆಯೂ ತೆಳ್ಳನೆಯ ಕಡ್ಡಿಯೂ ಬಿದ್ದಲ್ಲೇ ಬಿದ್ದಿದ್ದವು. ಗಿಡಗಳು? ಕಡು ಹಸಿರು. ಚಿಗುರು ಕಿತ್ತಷ್ಟೂ ಮುಗಿಯದಷ್ಟು.

"ಇವನ್ನ ನಾ ದಿನಾ ಮುಟ್ಟತೇನಿ" ಎಂದಳು ಅಕ್ಕ. "ಇವುಗಳ ನಡುವ ತಿರಗ್ಯಾಡತೇನಿ. ನನ್ನ ಕಾಲ್ಗುಣಕ್ಕ ಇವು ಯಾಕ ಸಾಯವಲ್ವು, ನೀನ ಹೇಳು."

"ಮಾಮಾಗ ಹೇಳಲಿಲ್ಲೇನ?"

"ಹೇಳೇನಿ. ಬಚ್ಚಲ ನೀರ ಕುಡದು ಬೆಳದಾವು ಅಂತಾರ."

ಬಚ್ಚಲ ನೀರು ಹರಿಯುವ ಕಾಲುವೆ ನೋಡಿದೆ. ಅದು ಮನೆಯ ಇನ್ನೊಂದು ಬದಿಗಿತ್ತು! ಕಣ್ಣೆದುರಿಗಿದ್ದದ್ದನ್ನು ಆ ಮನುಷ್ಯ ಒಮ್ಮೆಯಾದರೂ ಬಗ್ಗಿ ನೋಡಿರಲಿಲ್ಲ. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ಮಾಮಾ! ಸಲಿಕೆ ತಗೊಂಡ ಬರ್ರಿ ಇಲ್ಲಿ!" ಎಂದು ಕೂಗಿದೆ. ಬಂದ.

ಅಲ್ಲಿ ಅಗೆದೆ. ಮೇಲಿನ ಎಲೆ ಇನ್ನೂ ತೊಗಲಿನ ಹಾಗೆ ಗಟ್ಟಿ. ಚಹಾದ ಎಲೆ ಸುಲಭಕ್ಕೆ ಕೊಳೆಯುವುದಿಲ್ಲ. ಅದರ ಕೆಳಗಿನದು ನರ ಮಾತ್ರ ಉಳಿದ ಜಾಳಿಗೆ. ಅದರ ಕೆಳಗೆ ಕಪ್ಪು ಮಣ್ಣು, ತೇವ, ಎರೆಹುಳ, ಮಣ್ಣನ್ನು ಅಪ್ಪಿಕೊಂಡ ಬಿಳಿಯ ಎಳೆಬೇರು. ಒಂದು ಹೆಂಟೆ ಎತ್ತಿ ಈರಪ್ಪನ ಕೈಗೆ ಹಾಕಿದೆ. ಆಮೇಲೆ ಅವನ ರಟ್ಟೆ ಹಿಡಿದು ಗುಡಿಸಿದ ತೋಟಕ್ಕೆ ಎಳೆದುಕೊಂಡು ಹೋಗಿ ಅಲ್ಲಿ ಅಗೆದೆ. ಸಲಿಕೆ ಠಣ್ ಎಂದಿತು. ಮಳೆ ಬಡಿದು ಬಡಿದು ಹೆಪ್ಪುಗಟ್ಟಿದ ಕೆಂಪು ನೆಲ. ಕೆಳಗೆ ಸುಟ್ಟ ಬೂದಿಯಾದರೂ ತೋಟಕ್ಕೆ ತಿರುಗಿ ಬಂದಿರಲಿಲ್ಲ, ಮೊದಲ ಮಳೆಯೇ ಅದನ್ನು ಕೊಳ್ಳಕ್ಕೆ ಒಯ್ದಿತ್ತು. ಮೇಲ್ಮಣ್ಣೂ ಅದರ ಬೆನ್ನು ಹತ್ತಿ ಹೋಗಿತ್ತು.

"ನಮ್ಮಪ್ಪ ಹೇಳತಿದ್ದ" ಎಂದ ಈರಪ್ಪ, ಸಣ್ಣ ದನಿಯಲ್ಲಿ. "ಹೊಲದಾಗ ಕಸ ಬಿಟ್ಟಾವನ ಮನ್ಯಾಗ ಲಕ್ಷ್ಮಿ ನಿಂದ್ರೂದಿಲ್ಲ ಅಂತ."

"ನಿಮ್ಮಪ್ಪಗ ಎತ್ತು ಇದ್ದುವ್ರಿ ಮಾಮಾ, ಎತ್ತು!" ಎಂದು ನಾನು ಕಿರುಚಿದ್ದು ಕೆಳಗಿನ ತೋಟದವರಿಗೂ ಕೇಳಿಸಿರಬೇಕು. "ಹೊಲದ ಕಣಿಕಿ ಎತ್ತ ತಿಂತಿದ್ದುವು. ಸಗಣಿ ತಿಪ್ಪಿಗೆ ಬೀಳತಿತ್ತು. ತಿಪ್ಪಿ ಗೊಬ್ಬರ ಗಾಡಿ ಹೇರಿ ತಿರಗಿ ಅದ ಹೊಲಕ್ಕ ಹೋಗತಿತ್ತು. ಹೊಲ ಕೊಟ್ಟಿದ್ದು ಹೊಲಕ್ಕ ಮುಟ್ಟತಿತ್ತು. ಇಲ್ಲಿ ನಿಮ್ಮ ಎತ್ತ ಎಲ್ಲದಾವು? ಈ ಎಲಿ ಯಾವ ದನಾ ತಿಂತೈತಿ? ತಲಿ ಬೋಳಿಸಿದ ಗಿಡ ಹೊಸಾ ತಲಿ ಎಬ್ಬಿಸಬೇಕು, ಅದಕ್ಕ ಉಣ್ಣಾಕ ಬೇಕು. ಅದರ ಮುಂದಿನ ಎಡೀನ ನೀವು ಕಸಗೊಂಡ ಸುಟ್ರಿ. ಎತ್ತ ಊರಾಗ ಬಿಟ್ಟು ಕಸಬರಿಗಿ ಅಷ್ಟ ತಂದೀರಿ. ತ್ವಾಟಾ ಕೊಂದಾವರು ನೀವು, ಹೆಸರ ನಮ್ಮ ಅಕ್ಕಂದು!"

ಈರಪ್ಪ ಕೈಯಲ್ಲಿದ್ದ ಕಪ್ಪು ಹೆಂಟೆಯನ್ನು ನೋಡಿದ, ಕಾಲ ಕೆಳಗಿನ ಕೆಂಪು ನೆಲ ನೋಡಿದ. ಕೊನೆಗೆ ಹೆಂಟೆಯನ್ನು ಒಂದು ಗಿಡದ ಬುಡಕ್ಕೆ ಹಾಕಿ, "ಆತು ಬಿಡು. ನಿಮ್ಮಕ್ಕ ಇರ್ಲಿ ಇಲ್ಲೇ" ಎಂದ.

ಇರಲಿಯಂತೆ! ತಪ್ಪಾಯಿತು ಎಂಬ ಒಂದು ಮಾತಿಲ್ಲ. ತಂದ ಕೊಡ ಸೋರುವುದಿಲ್ಲವೆಂದು ಗೊತ್ತಾಗಿ ಮೂಲೆಗಿಟ್ಟುಕೊಂಡ ಹಾಗೆ. ನಾನು ನೆಟ್ಟಗೆ ಒಳಗೆ ಹೋಗಿ ಅಕ್ಕನ ಟ್ರಂಕಿನಲ್ಲಿ ಕೈಗೆ ಸಿಕ್ಕ ಸೀರೆಗಳನ್ನೆಲ್ಲ ತುಂಬಿದೆ.

ಹೊರಟ ದಿನ

ಆ ಟ್ರಂಕನ್ನು ನಾನು ಹೊರಗೆ ತರುವುದು, ಅಕ್ಕ ಒಳಗೆ ಒಯ್ಯುವುದು, ಹೀಗೆ ಮೂರು ಸಲ ಆಯಿತು.

"ಹುಚ್ಚ ಹಿಡದೈತೇನ ನಿನಗ?" ಎಂದೆ. "ಇಂಥಾವನ ಮನ್ಯಾಗ ಏನ್ ಸುಖ ಕಂಡಿ? ನಡಿ, ಅವ್ವ ಹಾದಿ ಕಾಯಾಕತ್ಯಾಳ."

"ಬಂದು ಏನ್ ಹೇಳ್ಲಿ? ಕಾಲ್ಗುಣದ ಸುದ್ದಿ ಕಾರ್ಡಿನ್ಯಾಗ ಬರದಾರ. ಅಂಚಿ ಹಂಚಾಂವ ಓದಿರತಾನ, ಊರ ಓದಿರತೈತಿ. ನಾ ಈಗ ಬಂದ್ರ ಖರೇ ಅಂತ ಆಗತೈತಿ. ನೀ ಮನೀಮನಿಗೆ ಸಲಿಕೆ ಹೊತ್ಕೊಂಡ ಹೋಗಿ ಅಗದ ತೋರಿಸ್ತೀ?"

ಸಿಟ್ಟಿನಿಂದ ಟ್ರಂಕಿನ ಮುಚ್ಚಳ ಧಡ್ ಎಂದು ಹಾಕಿದೆ.

"ಈ ತ್ವಾಟ ನನ್ನ ಕೈಲೆ ಹಸರಾಗಬೇಕು" ಎಂದಳು ಅಕ್ಕ. "ಆಮ್ಯಾಲ ನಾ ಬೇಕಾದ್ರ ಇರ್ತೇನಿ, ಬ್ಯಾಡಾದ್ರ ಬರ್ತೇನಿ. ಕಳಿಸಿದ್ರ ಹೋಗಾಕಿ, ಇರು ಅಂದ್ರ ಇರಾಕಿ ನಾ ಅಲ್ಲ. ಅವ್ವಗ ಹಂಗ ಹೇಳು."

ನಾನು ಹೊರಡುವ ಬೆಳಿಗ್ಗೆ ಅವಳು ಸೀರೆಯ ಕಚ್ಚೆ ಬಿಗಿದು, ಕುಡುಗೋಲು ಹಿಡಿದು ಮನೆಯಿಂದ ಹೊರಬಿದ್ದಳು. ಕಲ್ಲಿನ ಸಾಲಿನ ಹತ್ತಿರ ಬಂದಳು. ಒಂದು ಕಲ್ಲನ್ನು ಕಾಲಿನಿಂದಲೇ ಆಚೆ ಉರುಳಿಸಿ ಒಳಗೆ ಹೋದಳು. ಮೇಲಿನ ಅಂಚಿನಲ್ಲಿ ಕವಾತು ಆಗದೆ ಉಳಿದಿದ್ದ ಸಾಲುಗಳಿದ್ದವು, ಅಲ್ಲಿ ಕಡಿಯಲು ಹತ್ತಿದಳು. ಕಡಿದದ್ದನ್ನು ಅಲ್ಲಲ್ಲೇ ಗಿಡದ ಬುಡಕ್ಕೆ ಹಾಸುತ್ತ ಕೆಳಗೆ ಇಳಿಯುತ್ತಿದ್ದಳು. ಕಟ್ಟಿಗೆ ಬೇರೆ ಕುಪ್ಪೆ. ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ಎಂದು ತಲೆಯೆತ್ತಲಿಲ್ಲ.

ನಾನು ಗಂಟು ಹೆಗಲಿಗೇರಿಸಿಕೊಂಡು ನಿಂತಿದ್ದಾಗ ಈರಪ್ಪ ಕೊಳ್ಳದ ಕಡೆಯಿಂದ ಏರಿ ಬಂದ. ಸುಡಲೆಂದು ಒಯ್ದು ಹಾಕಿದ್ದರಲ್ಲಿ ಸುಡದೆ ಉಳಿದಿದ್ದ ಸೊಪ್ಪನ್ನು ದೊಡ್ಡ ಹೊರೆ ಕಟ್ಟಿ ತಲೆಯ ಮೇಲೆ ಹೊತ್ತಿದ್ದ. ಏದುಸಿರು ಬಿಡುತ್ತಿದ್ದ, ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. ಕಲ್ಲಿನ ಸಾಲಿನವರೆಗೆ ಬಂದವನು ಒಂದು ಕಾಲು ಒಳಗಿಡಲು ಹೋಗಿ, ಅಕ್ಕನನ್ನು ನೋಡಿ, ಹಿಂದಕ್ಕೆ ತೆಗೆದ.

"ಎಲ್ಲಿ ಹಾಕ್ಲಿ ಇದನ್ನ?" ಎಂದು ಕೇಳಿದ.

ಅಕ್ಕ ಕೈಯಲ್ಲಿದ್ದ ರೆಂಬೆ ಕಡಿದು ಮುಗಿಸಿದಳು. ಎಲೆ ಸವರಿ ಬುಡಕ್ಕೆ ಹಾಕಿದಳು. ಆಮೇಲೆ ತಲೆಯೆತ್ತದೆಯೇ ಹೇಳಿದಳು.

"ಅಲ್ಲೇ ನಿಂದರ್ರಿ. ಕರದಾಗ ಬರ್ರಿ."

ರೈಲಿಗೆ ಹೊತ್ತಾಗಿತ್ತು. ನಾನು ಗುಡ್ಡ ಇಳಿದೆ. ಕೆಳಗಿನ ತಿರುವಿನಲ್ಲಿ ಹೊರಳಿ ನೋಡಿದಾಗ ಈರಪ್ಪ ಆ ಹೊರೆ ಹೊತ್ತುಕೊಂಡು ಕಲ್ಲಿನ ಸಾಲಿನಾಚೆ ನಿಂತೇ ಇದ್ದ. ಅಕ್ಕ ಇನ್ನೂ ಕರೆದಿರಲಿಲ್ಲ.